ಕೇಳದೆ ಹೊಗಳಿದ ಐದನೇ ಹಾಡು

ಹೋದ ವಾರ ನಮ್ಮ ಮನೆಯ ಸ್ಪೀಕರ್ ಗೊರಗೊರ ಎನ್ನತೊಡಗಿತು. ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಅದರ ಬೆನ್ನು ಬಿಚ್ಚಿ, ಕಿತ್ತುಹೋಗಿದ್ದ ತಂತಿಗೆ ಸೋಲ್ಡರ್ ಹಾಕಿದ. ಬೆಸುಗೆಯ ರಾಳ ಸುಟ್ಟ ಹೊಗೆ ಮೂಗಿಗೆ ಬಡಿಯಿತು. "ಸ್ವಲ್ಪ ಹಿಂದಕ್ಕ ನಿಂದರ್ರಿ ಸರ, ಹೊಗಿ ಬರ್ತೈತಿ" ಎಂದ. ನಾನು ನಿಂತಲ್ಲೇ ನಿಂತಿದ್ದೆ. ಆ ವಾಸನೆ ನನ್ನ ಪಾಲಿಗೆ ಸಿರುಗುಪ್ಪದ ಒಂದು ಸಣ್ಣ ಅಂಗಡಿಯದು, ಅಲ್ಲಿ ತಲೆ ಬಗ್ಗಿಸಿ ಕೂತು ನನ್ನ ಮಾತು ಕೇಳಿಸಿಕೊಂಡ ಗೆಳೆಯ ಮೌಲಾಲಿಯದು. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಶುರುವಾಗಿ ಮರು ವರ್ಷದ ಮಳೆಗಾಲದಲ್ಲಿ ಮುಗಿದ ಸಂಗತಿ ಅದು. ಮುಗಿಯಿತು ಎನ್ನುವುದೂ ಅಷ್ಟು ಸರಿಯಲ್ಲ.

ನಾನು ಬಳ್ಳಾರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪಾರ್ವತಿನಗರದಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ. ಭಾನುವಾರ ಬೆಳಿಗ್ಗೆ ಅಲ್ಲಿ ಮೂರು ಜನ ಸೇರುತ್ತಿದ್ದೆವು: ನಾನು, ಮೌಲಾಲಿ, ಸುಮಂಗಲಕ್ಕ. ಮೌಲಾಲಿ ಸಿರುಗುಪ್ಪದವನು. ಮದುವೆ, ಉರುಸು, ಸಭೆಗಳಿಗೆ ಮೈಕ್ ಸೆಟ್ ಹಾಕುವುದು, ಕೆಟ್ಟ ಆಂಪ್ಲಿಫೈಯರ್ ಸರಿಮಾಡುವುದು ಅವನ ಕಸುಬು. ಸುಮಂಗಲಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಮ್ಮಿಬ್ಬರಿಗಿಂತ ಹತ್ತು ವರ್ಷ ದೊಡ್ಡವಳು, ಹೆಚ್ಚು ಮಾತಾಡುವವಳಲ್ಲ. ಮೂವರಿಗೂ ಹಾಡಿನ ಹುಚ್ಚು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿಕೊಂಡು ಒಂದು ಆಲ್ಬಮ್ ಪೂರ್ತಿ ಹಾಕುತ್ತಿದ್ದೆವು. ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು ಎಂಬುದು ಸುಮಂಗಲಕ್ಕನ ಕಟ್ಟಪ್ಪಣೆ.

ಡಿಸೆಂಬರ್ ಬಂತೆಂದರೆ ಮಾತ್ರ ಆ ಅಪ್ಪಣೆ ಸಡಿಲಾಗುತ್ತಿತ್ತು. ಆ ತಿಂಗಳು ವಿಮರ್ಶಕರೆಲ್ಲ ವರ್ಷದ ಹತ್ತು ಶ್ರೇಷ್ಠ ಆಲ್ಬಮ್, ಇಪ್ಪತ್ತು ಶ್ರೇಷ್ಠ ಆಲ್ಬಮ್ ಎಂದು ಪಟ್ಟಿ ಹಾಕುತ್ತಾರಲ್ಲ, ಅವನ್ನು ಮೊಬೈಲ್‌ನಲ್ಲಿ ಓದುವುದು, ಬಯ್ಯುವುದು. ಇದು ಮೂರನೇ ಸ್ಥಾನಕ್ಕೆ ಹೇಗೆ ಬಂತು, ಅದು ಯಾಕೆ ಬಿಟ್ಟುಹೋಯಿತು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಾನು. ನನ್ನ ವಾದ ಪ್ರತಿ ವರ್ಷ ಒಂದೇ: ಇವರು ಹಾಡು ಕೇಳಿಯೇ ಇಲ್ಲ.

"ಲೆಕ್ಕ ಹಾಕ್ರಿ ಅಕ್ಕ," ಎನ್ನುತ್ತಿದ್ದೆ. "ಈ ಮನುಷ್ಯ ಒಂದು ತಿಂಗಳದಾಗ ನೂರು ಆಲ್ಬಮ್ ಕೇಳೀನಿ ಅಂತಾನ. ಊಟ ನಿದ್ದಿ ಬಿಟ್ಟಾನೇನು? ಅರ್ಧ ಹಾಡು ಕೇಳಿ ಮುಂದಿಂದು ಒತ್ತಿರ್ತಾನ."

"ಎಲ್ಲಾರೂ ಹಂಗ ಇರಂಗಿಲ್ಲ ಬಿಡು," ಎನ್ನುತ್ತಿದ್ದ ಮೌಲಾಲಿ. ಅವನಿಗೆ ಯಾರ ಮೇಲೂ ಅನುಮಾನ ಬರುತ್ತಿರಲಿಲ್ಲ.

ಆ ವರ್ಷ ಕಾಲುವೆಗೆ ನೀರು ಬಿಟ್ಟದ್ದು ಸ್ವಲ್ಪ ತಡವಾಗಿ. ಶ್ರಾವಣದಲ್ಲಿ ಸಿರುಗುಪ್ಪ, ಕುರುಗೋಡು ಕಡೆಯ ಗದ್ದೆಗಳೆಲ್ಲ ಒಮ್ಮೆಲೇ ಕೆಸರಾದವು. ಭತ್ತ ನಾಟಿ ಮಾಡುವ ಹೆಂಗಸರಿಗೆ ಎಲ್ಲಿಲ್ಲದ ಬೇಡಿಕೆ. ಬಾದನಹಟ್ಟಿಯ ಸಭೆಯೊಂದಕ್ಕೆ ಮೈಕ್ ಹಾಕಲು ಹೋಗಿದ್ದ ಮೌಲಾಲಿ, ದಾರಿಬದಿಯ ಗದ್ದೆಯಲ್ಲಿ ಇಬ್ಬರು ಹಾಡುತ್ತ ಸಸಿ ಹಚ್ಚುವುದನ್ನು ಕೇಳಿ ಗಾಡಿ ನಿಲ್ಲಿಸಿದನಂತೆ. ಒಬ್ಬಳು ಹುಲಿಗೆಮ್ಮ, ಅರವತ್ತರ ಹತ್ತಿರದವಳು. ಇನ್ನೊಬ್ಬಳು ಅವಳ ನಾದಿನಿ ಈರಮ್ಮ. ಬಳ್ಳಾರಿಯ ಪರಿಚಯದವರೊಬ್ಬರಿಂದ ಒಳ್ಳೆಯ ರೆಕಾರ್ಡರ್ ಕೇಳಿ ತಂದು, ನಾಲ್ಕು ದಿನ ಗದ್ದೆಯ ಬದುವಿನ ಮೇಲೆ ಕೂತು, ಎಂಟು ಹಾಡು ತುಂಬಿಕೊಂಡ. ನನ್ನನ್ನೂ ಕರೆದಿದ್ದ. ಮಳೆ ಇದೆ, ಕಾಲೇಜಿಗೆ ರಜೆ ಸಿಗುವುದಿಲ್ಲ ಎಂದು ತಪ್ಪಿಸಿಕೊಂಡೆ. ರಜೆ ನಾನು ಕೇಳಿರಲೇ ಇಲ್ಲ.

ಮುಂದಿನ ಭಾನುವಾರ ಅವನು ಬಂದಾಗ ಪ್ಯಾಂಟಿನ ಅಂಚಿಗೆ ಇನ್ನೂ ಕೆಸರು ಒಣಗಿತ್ತು. ಮಿರ್ಚಿ ಕೈಯಲ್ಲೇ ಹಿಡಿದುಕೊಂಡು ಐದನೇ ಹಾಡಿನ ವಿಷಯ ಹೇಳಿದ. ಕೊಟ್ಟ ಊರಿನಲ್ಲಿ ನಾಟಿ ಮಾಡುತ್ತಿರುವ ಹೆಣ್ಣುಮಗಳಿಗೆ ತವರಿನ ಕಡೆಯವಳೊಬ್ಬಳು ಬದುವಿನ ಮೇಲೆ ಸಿಗುತ್ತಾಳೆ. ಎಮ್ಮೆ ಈಯಿತೇ, ತಮ್ಮ ಶಾಲೆಗೆ ಹೋಗುತ್ತಾನೆಯೇ, ಹಿತ್ತಲ ನುಗ್ಗೆ ಕಾಯಿ ಬಿಟ್ಟಿತೇ ಎಂದು ಮಗಳು ಒಂದೊಂದಾಗಿ ಕೇಳುತ್ತಾಳೆ. ಬಂದವಳು ಉತ್ತರ ಕೊಡುತ್ತಾಳೆ. ಕೊನೆಗೆ ಮಗಳು, ಅವ್ವ ಹೇಗಿದ್ದಾಳೆ ಎಂದು ಕೇಳುತ್ತಾಳೆ. ಕೇಳುವವಳು ಹುಲಿಗೆಮ್ಮ, ಉತ್ತರ ಕೊಡುವವಳು ಈರಮ್ಮ.

"ಈರಮ್ಮ ಉತ್ತರ ಅಲ್ಲೇ ಕಟ್ಟಿ ಹಾಡ್ತಾಳಲೇ ಬಸೂ," ಎಂದ. "ವರ್ಷಾ ಬ್ಯಾರೆ ಬ್ಯಾರೆ. ಇದೊಂದು ನೀನು ಕೇಳಬೇಕು. ಉಳಿದವೆಲ್ಲಾ ಹುಲಿಗೆಮ್ಮ ಒಬ್ಬಾಕಿನ ಹಾಡ್ಯಾಳ. ಇದರಾಗ ಮಾತ್ರ ಇಬ್ಬರು."

ಅದೇ ವಾರ ನನಗೆ ಒಂದು ಇಮೇಲ್ ಬಂದಿತ್ತು. ಸಂಗೀತದ ಬಗ್ಗೆ ಬರೆಯುವ ಜಾಲತಾಣವೊಂದರವರು, ನನ್ನ ಫೇಸ್‌ಬುಕ್ ಬರಹಗಳನ್ನು ನೋಡಿದ್ದೇವೆ, ಈ ಸಲ ವರ್ಷದ ಹತ್ತು ಕನ್ನಡ ಆಲ್ಬಮ್‌ಗಳ ಪಟ್ಟಿಯನ್ನು ನೀವು ಬರೆದುಕೊಡಿ ಎಂದು ಕೇಳಿದ್ದರು. ಎಷ್ಟೋ ವರ್ಷ ಬೈದವನ ಕೈಗೇ ಪಟ್ಟಿ ಬಂದಿತ್ತು. ಖುಷಿಗಿಂತ ಹೆದರಿಕೆ ಹೆಚ್ಚಾಯಿತು. ಎಲ್ಲರೂ ಮಾತಾಡುವ ದೊಡ್ಡ ಆಲ್ಬಮ್‌ಗಳಲ್ಲಿ ನಾನು ಕೇಳಿರದವು ಎಷ್ಟೋ ಇದ್ದವು. ಬಸ್ಸಿನಲ್ಲಿ, ಗ್ರಂಥಾಲಯದ ಕೌಂಟರಿನಲ್ಲಿ, ಹಲ್ಲುಜ್ಜುವಾಗ, ಕಿವಿಗೆ ಸಿಕ್ಕಿಸಿಕೊಂಡು ಒಂದರ ಹಿಂದೆ ಒಂದು ಮುಗಿಸುತ್ತ ಹೋದೆ. ಹಾಡು ಅರ್ಧಕ್ಕೆ ಬಂದಾಗ ಬೆರಳು ತಾನೇ ಮುಂದಿನದನ್ನು ಒತ್ತುತ್ತಿತ್ತು.

ಮೌಲಾಲಿ ಎಂಟು ಹಾಡುಗಳ ಲಿಂಕ್ ಕಳಿಸಿದ್ದು ಆ ಗಡಿಬಿಡಿಯಲ್ಲಿ. ಮೊದಲ ಎರಡು ಹಾಡು ಕೇಳಿದೆ. ಚೆನ್ನಾಗಿದ್ದವು. ಮೂರನೆಯದು ಶುರುವಾಗುವಾಗ ಯಾರೋ ಪುಸ್ತಕ ಕೇಳಲು ಬಂದರು, ನಿಲ್ಲಿಸಿದೆ. ಗೆಳೆಯನದೇ ತಾನೆ, ಯಾವಾಗ ಬೇಕಾದರೂ ಕೇಳಬಹುದು ಎಂದುಕೊಂಡೆ. ಹತ್ತು ದಿನ ಕಳೆದು ಅವನ ಫೋನ್ ಬಂತು.

"ಎಲ್ಲಾ ಕೇಳಿದೇನು? ಯಾವುದರಾಗ ಏನರ ಹೆಚ್ಚುಕಮ್ಮಿ ಐತೇನು? ನಾನು ಕೇಳಿ ಕೇಳಿ ಕಿವಿ ಮೊಂಡಾಗ್ಯಾವು, ನನಗ ತಿಳಿಯಂಗಿಲ್ಲ. ನೀನು ಸರಿ ಐತಿ ಅಂದ್ರ ಮೆಮೊರಿ ಕಾರ್ಡ್ ಅಳಿಸಿ ರೆಕಾರ್ಡರ್ ವಾಪಸ್ ಕೊಡ್ತೀನಿ. ಅವರು ಎರಡು ಸಲ ಕೇಳ್ಯಾರ. ಲ್ಯಾಪ್‌ಟಾಪಿನಾಗೂ ಜಾಗ ಇಲ್ಲ."

ಆಗ ನಾನು ನಿಜ ಹೇಳಬಹುದಿತ್ತು. ಎರಡೇ ಕೇಳಿದ್ದೇನೆ, ಸಂಜೆಯವರೆಗೆ ತಡಿ ಎಂದರೆ ಸಾಕಿತ್ತು. ಅವನು ಬೇಸರ ಮಾಡಿಕೊಳ್ಳುವವನೂ ಅಲ್ಲ. ಆದರೆ ವಿಮರ್ಶಕರು ಕೇಳುವುದಿಲ್ಲ ಎಂದು ಅವನೆದುರು ಅಷ್ಟು ವರ್ಷ ಕೂಗಿದ್ದ ಬಾಯಿಂದ ಆ ಮಾತು ಹೊರಡಲಿಲ್ಲ.

"ಕೇಳಿದೆ," ಎಂದೆ. "ಎಲ್ಲಾ ಸರಿ ಐತಿ. ಐದನೇದಂತೂ ಬಹಳ ಚಲೋ ಐತಿ."

"ಹೌದಿಲ್ಲೋ?" ಎಂದ. ಅವನ ದನಿಯಲ್ಲಿದ್ದ ಸಂತೋಷ ನನಗೆ ಈಗಲೂ ಕೇಳಿಸುತ್ತದೆ.

ಆಲ್ಬಮ್ ಅಂತರ್ಜಾಲಕ್ಕೆ ಬಂತು. ನಾನು ಪಟ್ಟಿ ಬರೆದುಕೊಟ್ಟೆ. ಮೌಲಾಲಿಯದನ್ನು ಮೂರನೇ ಸ್ಥಾನದಲ್ಲಿ ಇಟ್ಟೆ. ಅದರ ಬಗ್ಗೆ ನಾಲ್ಕು ಸಾಲು ಬರೆಯಬೇಕಿತ್ತು. ಅಷ್ಟು ಹೊತ್ತಿಗೂ ನಾನು ಉಳಿದ ಹಾಡು ಕೇಳಿರಲಿಲ್ಲ ಎಂದರೆ ಯಾರೂ ನಂಬಲಾರರು, ಆದರೆ ಅದು ನಿಜ. ಅವನು ಮಿರ್ಚಿ ಹಿಡಿದುಕೊಂಡು ಹೇಳಿದ್ದನ್ನೇ ನೆನಪಿಸಿಕೊಂಡು, ಐದನೇ ಹಾಡಿನಲ್ಲಿ ಎರಡು ಹೆಣ್ಣುದನಿಗಳು ಬದುವಿನ ಆಚೆ ಈಚೆ ನಿಂತು ತವರನ್ನು ಹುಡುಕುತ್ತವೆ ಎಂದು ಬರೆದೆ. ಬರೆದಮೇಲೆ ಓದಿಕೊಂಡು, ಚೆನ್ನಾಗಿದೆ ಅನಿಸಿತು.

ಡಿಸೆಂಬರಿನ ಮೂರನೇ ವಾರ ಪಟ್ಟಿ ಪ್ರಕಟವಾಯಿತು. ಕೆಳಗೆ ಜಗಳ ಶುರುವಾಯಿತು. ಬಳ್ಳಾರಿಯವರು ಬಳ್ಳಾರಿಯವರನ್ನೇ ಹೊಗಳುತ್ತಾರೆ ಎಂದು ಒಬ್ಬರು, ಇಂಥ ಹಾಡು ಪಟ್ಟಿಗೆ ಬಂದದ್ದೇ ದೊಡ್ಡದು ಎಂದು ಇನ್ನೊಬ್ಬರು. ನಾನು ಎಲ್ಲರಿಗೂ ಉತ್ತರ ಬರೆಯುತ್ತ ಕೂತೆ. ಮೊದಲು ಪೂರ್ತಿ ಕೇಳಿ, ಆಮೇಲೆ ಮಾತಾಡಿ ಎಂದೂ ಒಬ್ಬರಿಗೆ ಬರೆದೆ.

ಆ ಭಾನುವಾರ ಮೌಲಾಲಿ ಇಸ್ತ್ರಿ ಹಾಕಿದ ಅಂಗಿ ತೊಟ್ಟುಕೊಂಡು ಬಂದಿದ್ದ. ಸುಮಂಗಲಕ್ಕ ಕೈಚೀಲವನ್ನು ಪಕ್ಕಕ್ಕಿಟ್ಟು, ಚಹಾ ಬೇಡವೆಂದಳು. ಮೊಬೈಲ್ ತೆಗೆದು ಆಲ್ಬಮ್ಮಿನ ಮೂರನೇ ಹಾಡು ಹಾಕಿದಳು. ಒಂದು ನಿಮಿಷ ಕೇಳಿಸಿದಳು. ಆಮೇಲೆ ಐದನೆಯದು ಹಾಕಿದಳು. ಅದೇ ಹಾಡು. ಮಧ್ಯೆ ಎಲ್ಲೋ ಕೂಗುವ ಟಿಟ್ಟಿಭ ಹಕ್ಕಿಯೂ ಅದೇ ಜಾಗದಲ್ಲಿ ಕೂಗಿತು.

"ಮೂರು, ಐದು ಎರಡೂ ಒಂದ," ಎಂದಳು. "ಒಬ್ಬಾಕಿನ ಹಾಡ್ಯಾಳ. ಬಸು, ನೀನು ಎರಡು ದನಿ ಅಂತ ಬರದೀಯಲ್ಲ, ಎಲ್ಲಿ ಕೇಳಿದಿ?"

ಮೌಲಾಲಿ ಮೊಬೈಲ್ ಕಸಿದುಕೊಂಡು ಮತ್ತೆ ಮತ್ತೆ ಹಾಕಿ ನೋಡಿದ. ಕಡತಗಳಿಗೆ ನಂಬರ್ ಕೊಡುವಾಗ ಮೂರನೆಯದನ್ನೇ ಎರಡು ಸಲ ಇಟ್ಟಿದ್ದ. ಐದನೆಯದು ಕಾರ್ಡಿನಲ್ಲೇ ಉಳಿದಿತ್ತು, ಕಾರ್ಡ್ ಅಳಿಸಿಯಾಗಿತ್ತು. ಅವನು ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ.

"ನಿನಗ ಕಳಿಸಿದ್ರಾಗ ಸರಿ ಇತ್ತಲ್ಲೇನಲೇ? ನೀನು ಕೇಳಿದ್ದಿಯಲ್ಲ."

ಇಬ್ಬರೂ ನನ್ನನ್ನು ನೋಡುತ್ತಿದ್ದರು. ಎರಡನೇ ಸಲ ಸುಳ್ಳು ಹೇಳಿದೆ. ಇದು ಮೊದಲಿನದಕ್ಕಿಂತ ಸಲೀಸಾಗಿ ಬಂತು.

"ಇತ್ತು," ಎಂದೆ. "ಅದರಾಗ ಎರಡು ದನಿ ಇತ್ತು. ಆಮ್ಯಾಲೆ ನೀನು ಹಾಕೋವಾಗ ಏನೋ ಅದಲುಬದಲು ಆಗಿರಬೇಕು."

ಲಿಂಕಿನ ಅವಧಿ ಎಂದೋ ಮುಗಿದುಹೋಗಿತ್ತು, ತೆರೆದು ನೋಡುವ ಹಾಗಿರಲಿಲ್ಲ. ಸುಮಂಗಲಕ್ಕ ಚೀಲ ಎತ್ತಿಕೊಂಡು, ಮಕ್ಕಳ ಪರೀಕ್ಷೆ ಪೇಪರ್ ಇವೆ ಎಂದು ಹೊರಟಳು. ಮೌಲಾಲಿ, "ಹೋಗ್ಲಿ ಬಿಡು, ಮತ್ತ ಹಾಡಿಸ್ತೀನಿ," ಎಂದು ಅಲ್ಲಿಂದಲೇ ಬಾದನಹಟ್ಟಿಗೆ ಗಾಡಿ ಓಡಿಸಿದ.

ಮಧ್ಯಾಹ್ನ ಅವನ ಫೋನ್ ಬಂತು. ದೀಪಾವಳಿ ಕಳೆದ ವಾರದಲ್ಲಿ ಈರಮ್ಮನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋಗಿತ್ತು. ಮಾತು ಪೂರ್ತಿ ಹೋಗಿತ್ತು. "ಮಾರಿ ನೋಡಿ ಗುರ್ತು ಹಿಡದ್ಲು. ಬಾಯಿ ತೆಗದ್ರ ದನಿ ಇಲ್ಲ. ಹಾಡು ಕಳದದ್ದು ಹೇಳಾಕ ನನಗ ಬಾಯಿ ಬರಲಿಲ್ಲ," ಎಂದ. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ನನ್ನ ಕೈಯಾಗ ಕೊಟ್ಟಿದ್ಲಲ್ಲ ಆಕಿ. ಕಳದುಬಿಟ್ಟೆ," ಎಂದ.

ಅದಾದ ಮೇಲೆ ಅವನು ಭಾನುವಾರ ಬರುವುದು ಬಿಟ್ಟ, ಸುಮಂಗಲಕ್ಕನೂ ಬಿಟ್ಟಳು. ನಂಬರ್ ತಪ್ಪಿದ ಕೈ ಅವನದೇ, ನಿಜ. ಆದರೆ ಕಾರ್ಡ್ ಅಳಿಸುವ ಮೊದಲು ಆ ತಪ್ಪು ಹಿಡಿಯಲೆಂದೇ ಅವನು ನನ್ನನ್ನು ಕೇಳಿದ್ದ. ಯುಗಾದಿಗೆ ಫೋನ್ ಮಾಡಿದಾಗ, ರೆಕಾರ್ಡಿಂಗ್ ಕೆಲಸ ಇನ್ನು ಮುಟ್ಟುವುದಿಲ್ಲ ಎಂದ. ಮದುವೆಗಳಲ್ಲಿ ಕೂಡ ಒಂದು ತಂತಿಯನ್ನು ನಾಲ್ಕು ಸಲ ನೋಡುತ್ತಾನೆಂದು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳಂತೆ. ಬಳ್ಳಾರಿಯ ಬೇಸಿಗೆ ಎಂಥದೆಂದು ಹೇಳಬೇಕಿಲ್ಲ. ಆ ವರ್ಷ ನಾನು ಬಿಸಿಲನ್ನು ಒಂದು ನೆಪ ಮಾಡಿಕೊಂಡೆ. ಈ ಬಿಸಿಲಲ್ಲಿ ಸಿರುಗುಪ್ಪಕ್ಕೆ ಹೋಗುವುದು ಹೇಗೆ, ಮಳೆ ಬೀಳಲಿ ಎನ್ನುತ್ತ ಮೂರು ತಿಂಗಳು ದೂಡಿದೆ. ಆ ಆಲ್ಬಮ್ ಹಾಕಿಕೊಂಡರೆ ಎರಡನೇ ಹಾಡು ಮುಗಿಯುವಷ್ಟರಲ್ಲಿ ನಿಲ್ಲಿಸಿಬಿಡುತ್ತಿದ್ದೆ.

ಮಳೆಯೂ ಬಿತ್ತು, ಕಾಲುವೆಗೆ ನೀರೂ ಬಂತು. ಒಂದು ದಿನ ಗ್ರಂಥಾಲಯಕ್ಕೆ ರಜೆ ಹಾಕಿ ಸಿರುಗುಪ್ಪದ ಬಸ್ ಹತ್ತಿದೆ. ಮೌಲಾಲಿ ಅಂಗಡಿಯಲ್ಲಿ ಒಂದು ಆಂಪ್ಲಿಫೈಯರ್ ಬಿಚ್ಚಿಕೊಂಡು ಸೋಲ್ಡರ್ ಹಾಕುತ್ತಿದ್ದ. "ಬಾ ಬಸೂ, ಕುಂದ್ರು," ಎಂದು ಸ್ಟೂಲ್ ತಳ್ಳಿದ. ಚಹಾ ತರಿಸುತ್ತೇನೆ ಎಂದಾಗ, ಬೇಡ, ಮೊದಲು ಕೇಳು ಎಂದೆ. ಎಲ್ಲ ಹೇಳಿದೆ. ಎರಡೇ ಹಾಡು ಕೇಳಿದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ಮಹಡಿಯ ಮೇಲೆ ಮತ್ತೆ ಹೇಳಿದ್ದು.

ಅವನು ಕೆಲಸ ನಿಲ್ಲಿಸಲಿಲ್ಲ. ಹಿಡಿದಿದ್ದ ತಂತಿಯನ್ನು ಅಂಟಿಸಿ, ಊದಿ, ಇನ್ನೊಂದು ತಂತಿ ಹಿಡಿದ. ಹೊಗೆ ಅವನ ಮುಖದ ಮೇಲೇ ಹೋಗುತ್ತಿತ್ತು.

"ಕೇಳಿಲ್ಲ ಅಂದಿದ್ರ ನಾನ ಇನ್ನೊಮ್ಮೆ ಕೇಳ್ತಿದ್ದೆ. ಅಷ್ಟ ಇತ್ತು ನೋಡು ಕೆಲಸ."

"ತಪ್ಪಾತು ಮೌಲಾ."

"ನನಗ ಹೇಳಿದ್ರ ಏನು ಬಂತು? ಆ ಮುದುಕಿಗೆ ಹೋಗಿ ಹೇಳು. ನಾನು ಬರ್ತೀನಿ, ಆದ್ರ ನಾನು ಬಾಯಿ ಬಿಡಂಗಿಲ್ಲ. ನೀನ ಹೇಳಬೇಕು."

ಅವನ ಗಾಡಿಯ ಹಿಂದೆ ಕೂತು ಬಾದನಹಟ್ಟಿಗೆ ಹೋದೆ. ಹುಲಿಗೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಈರಮ್ಮನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮೌಲಾಲಿಯನ್ನು ಕಂಡು, "ಬಾರಪ್ಪ, ಎಷ್ಟು ದಿನಾತು," ಎಂದಳು. ನಾನು ಕೆಳಗೆ ಕೂತು, ನನಗೆ ತಿಳಿದಂತೆ ಹೇಳಿದೆ. ಇಂಟರ್‌ನೆಟ್ಟು, ಲಿಂಕು ಎಂದರೆ ಅವಳಿಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡು ತಡವರಿಸುತ್ತಿದ್ದೆ. ಅವಳು ಎಣ್ಣೆಯ ಕೈಯನ್ನು ಹಾಗೇ ಹಿಡಿದು ಕೇಳಿಸಿಕೊಂಡಳು.

"ಹಂಗಾರ ನೀವು ಬೇಕಂತ ತೆಗೀಲಿಲ್ಲ?"

"ಇಲ್ಲವ್ವ. ಕಳದೋತು. ನನ್ನಿಂದ ಕಳದೋತು."

"ನನ್ನ ಮೊಮ್ಮಗಳು ಮೊಬೈಲ್‌ನಾಗ ಹಚ್ಚಿ ತೋರಿಸಿದ್ಲು. ಏಳು ಅದಾವು, ಅದೊಂದಿಲ್ಲ. ನಾನು ಎಲ್ಲೋ ರಾಗ ತಪ್ಪೀನಿ, ಅದಕ ಕಿತ್ತು ಒಗದಾರ ಅಂತ ಮಾಡಿದ್ದೆ." ಈರಮ್ಮನ ಭುಜ ಮುಟ್ಟಿದಳು. "ಈಕಿಗೂ ಹಂಗ ಹೇಳೀನಿ. ಈಕಿ ಮೂರು ದಿನ ಉಣ್ಣಲಿಲ್ಲ. ತನ್ನದು ಚಲೋ ಆಗಿಲ್ಲೇನೋ ಅಂತ ಆಕಿಗೆ."

ಆ ಇಬ್ಬರು ಹೆಂಗಸರು ಆ ಕಟ್ಟೆಯ ಮೇಲೆ, ತಮ್ಮ ಹಾಡು ಕೆಟ್ಟದ್ದು ಎಂದುಕೊಂಡು ತಿಂಗಳುಗಟ್ಟಲೆ ಕೂತಿದ್ದರು. ನಾನು ತಲೆ ಎತ್ತಲಿಲ್ಲ. ಹುಲಿಗೆಮ್ಮ ಬಯ್ಯುತ್ತಾಳೆ ಎಂದು ಕಾದೆ, ಬೈದರೆ ಒಳ್ಳೆಯದಿತ್ತು. ಅವಳು ಕೇಳಿದ್ದು ಬೇರೆ.

"ಹಂಗಾರ ಅದು ಹೆಂಗಿತ್ತು, ತಮ್ಮ? ಚಲೋ ಬಂದಿತ್ತೇನು?"

ಮಹಡಿಯ ಮೇಲಿನ ಮಾತು ಮತ್ತೊಮ್ಮೆ ನಾಲಿಗೆಯ ತುದಿಗೆ ಬಂತು. ಬಹಳ ಚೆನ್ನಾಗಿತ್ತು ಅವ್ವ ಎಂದರೆ ಅವರಿಬ್ಬರ ಮುಖ ಅರಳುತ್ತಿತ್ತು. "ನನಗ ಗೊತ್ತಿಲ್ಲವ್ವ," ಎಂದೆ. "ನಾನು ಕೇಳೇ ಇಲ್ಲ."

ಅವಳು ಮೌಲಾಲಿಯ ಕಡೆ ನೋಡಿದಳು. ಅವನು ಕಣ್ಣೊರೆಸಿಕೊಂಡು, "ಅಷ್ಟೂ ಹಾಡಿನಾಗ ಅದ ಚಲೋ ಇತ್ತವ್ವ," ಎಂದ. ಈರಮ್ಮ ಎಡಗೈಯಿಂದ ಅವನನ್ನು ಹತ್ತಿರ ಕರೆದಳು. ಕೊನೆಯ ಉತ್ತರ, ಅವ್ವ ಹೇಗಿದ್ದಾಳೆ ಎಂಬುದಕ್ಕೆ ಹೇಳಿದ್ದು, ನೆನಪಿದೆಯೇ ಎಂದು ಅವಳ ಪರವಾಗಿ ಹುಲಿಗೆಮ್ಮ ಕೇಳಿದಳು. ತನಗೂ ನೆನಪಿಲ್ಲವಂತೆ. ಮೌಲಾಲಿ ತಲೆ ಅಲ್ಲಾಡಿಸಿದ. "ನಾನು ರೆಕಾರ್ಡರಿನ ಮೀಟರ್ ನೋಡಿಕೋತ ಕುಂತಿದ್ದೆ. ಆಮ್ಯಾಲೆ ಕೇಳಿದಾಗೂ ದನಿ ಸರಿ ಐತೇನು ಅಂತ ನೋಡಿದೆ, ಮಾತು ಹಿಡೀಲಿಲ್ಲ," ಎಂದ.

"ಆದದ್ದಾತು," ಎಂದಳು ಹುಲಿಗೆಮ್ಮ. "ಸೋಮವಾರ ನಮ್ಮದ ನಾಟಿ ಐತಿ. ಡಬ್ಬಿ ತಗಂಡು ಬರ್ರಿ. ನನ್ನ ದನಿಯರ ತುಂಬ್ಕೊಳ್ರಿ."

ಸೋಮವಾರ ಹೋದೆವು. ಮೌಲಾಲಿ ಅದೇ ರೆಕಾರ್ಡರನ್ನು ಮತ್ತೆ ಕೇಳಿ ತಂದಿದ್ದ. ಈರಮ್ಮನನ್ನು ಚಕ್ಕಡಿಯಲ್ಲಿ ಕರೆತಂದು ಬದುವಿನ ಮೇಲೆ ಕೂರಿಸಿದ್ದರು. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಹುಲಿಗೆಮ್ಮ ಸೆರಗು ಸಿಕ್ಕಿಸಿ, ಸಸಿಯ ಕಟ್ಟು ಬಿಚ್ಚಿ, ಕೆಸರಿಗೆ ಇಳಿದು ಹಾಡು ಎತ್ತಿದಳು. ಎಮ್ಮೆ ಈಯಿತೇ ಎಂದು ಕೇಳಿದಳು. ಉತ್ತರ ಬರಬೇಕಾದ ಕಡೆ ಅಷ್ಟೇ ಹೊತ್ತು ಸುಮ್ಮನಾದಳು. ಸಸಿ ಕೆಸರಿಗೆ ಇಳಿಯುವ ಚಪ್ಪ ಚಪ್ಪ ಸದ್ದು ಮಾತ್ರ. ಆಮೇಲೆ ತಮ್ಮ ಶಾಲೆಗೆ ಹೋಗುತ್ತಾನೆಯೇ ಎಂದಳು, ಮತ್ತೆ ಸುಮ್ಮನಾದಳು. ಬದುವಿನ ಮೇಲೆ ಈರಮ್ಮನ ತುಟಿ ಅಲ್ಲಾಡುತ್ತಿತ್ತು. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಒಂದು ಪೆಟ್ಟೂ ತಪ್ಪದೆ. ಕೊನೆಯ ಪ್ರಶ್ನೆಯ ನಂತರ ಹುಲಿಗೆಮ್ಮ ಎಲ್ಲಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದಳು. ಮೌಲಾಲಿ ರೆಕಾರ್ಡರ್ ನಿಲ್ಲಿಸಲಿಲ್ಲ. ಆ ಹಾಡನ್ನು ನಾನು ಮೊದಲಿನಿಂದ ಕೊನೆಯವರೆಗೆ ಕೇಳಿದೆ.

ಅವನು ಅದನ್ನು ಹಾಗೆಯೇ, ಏನೂ ಕತ್ತರಿಸದೆ, ಐದನೇ ಹಾಡಿನ ಜಾಗಕ್ಕೆ ಹಾಕಿದ. ನಾನು ಜಾಲತಾಣದವರಿಗೆ ನಿಜ ಬರೆದು, ನನ್ನ ನಾಲ್ಕು ಸಾಲು ತೆಗೆಯಿರಿ ಎಂದು ಕೇಳಿಕೊಂಡೆ. ಹಳೆಯ ವರ್ಷದ ಪಟ್ಟಿಯನ್ನು ಮುಟ್ಟುವುದಿಲ್ಲ ಎಂದರು. ಅದು ಇನ್ನೂ ಅಲ್ಲೇ ಇದೆ, ನನ್ನ ಹೆಸರಿನೊಂದಿಗೆ. ಅವರಿಗೆ ಮತ್ತೆ ಪಟ್ಟಿ ಬರೆದುಕೊಟ್ಟಿಲ್ಲ.

ಹಾಡು ಹಾಕಿದ ತಿಂಗಳಿನಲ್ಲೇ ಯಾರೋ ಅದರ ಕೆಳಗೆ ಒಂದು ದೂರು ಬರೆದಿದ್ದರು: ನಡುನಡುವೆ ಆಡಿಯೋ ಕಟ್ ಆಗುತ್ತಿದೆ, ದಯವಿಟ್ಟು ಸರಿಪಡಿಸಿ. ನಾನು ಗ್ರಂಥಾಲಯದಲ್ಲಿ ಕೂತು ಅದನ್ನು ಓದಿದೆ. ಆಡಿಯೋ ಕಟ್ ಆಗಿಲ್ಲ, ಅಲ್ಲಿ ಈರಮ್ಮ ಎಂಬವರ ದನಿ ಇತ್ತು, ಕೇಳದೆಯೇ ಕೇಳಿದ್ದೇನೆ ಎಂದು ಸುಳ್ಳು ಹೇಳಿ ಅದು ಕಳೆದುಹೋಗುವಂತೆ ಮಾಡಿದವನು ನಾನು ಎಂದು ಉತ್ತರ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.

ಸಂಜೆ ಮೌಲಾಲಿ ಫೋನ್ ಮಾಡಿದ. "ನೋಡಿದೆ," ಎಂದ. ಅವನ ಹಿಂದೆ ಯಾವುದೋ ಮದುವೆಯ ಮೈಕಿನಲ್ಲಿ ಹಲೋ ಹಲೋ ಎನ್ನುವುದು ಕೇಳಿಸುತ್ತಿತ್ತು.

"ಈ ಭಾನುವಾರ ಸುಮಂಗಲಕ್ಕ ಬರ್ತಾಳೇನು?" ಎಂದು ಕೇಳಿದ.